ಕರೆಯೋದು ಬಾಯಲ್ಲಿ, ನೆನಪು ಮೆಸೇಜಿನಲ್ಲಿ

ಹಳ್ಳಿಮೈಸೂರಿನ ಬಸ್ ನಿಲ್ದಾಣದ ಎದುರಿಗೆ, ಬೇಕರಿಗೂ ಗೊಬ್ಬರದ ಅಂಗಡಿಗೂ ನಡುವೆ ಒಂದು ಸಣ್ಣ ಮಳಿಗೆಯಿದೆ. ಒಳಗೆ ಇಬ್ಬರು ನಿಂತರೆ ಮೂರನೆಯವರು ರಸ್ತೆಯಲ್ಲೇ ನಿಂತು ಮಾತಾಡಬೇಕು. ಬೋರ್ಡಿನ ಮೇಲೆ ಜೆರಾಕ್ಸ್, ರೀಚಾರ್ಜ್, ಪಹಣಿ ಎಂದೆಲ್ಲ ಬರೆದಿದೆ. ಜನ ಮಾತ್ರ ಅದನ್ನು ಮೆಸೇಜ್ ಅಂಗಡಿ ಎಂದೇ ಕರೆಯುತ್ತಾರೆ. ಅದರ ಒಡತಿ ಸ್ಮಿತಾ, ನಲವತ್ಮೂರರ ಹೆಂಗಸು. ಬೆಳಿಗ್ಗೆ ಆರೂವರೆಗೆ ಈಕೆ ಒಂದು ಗುಂಡಿ ಒತ್ತಿದರೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ಮೂರು ತಾಲ್ಲೂಕುಗಳಲ್ಲಿ ಸಾವಿರದ ಮುನ್ನೂರು ಫೋನುಗಳು ಒಟ್ಟಿಗೆ ಸದ್ದು ಮಾಡುತ್ತವೆ.

ಈ ಕಾಲದಲ್ಲಿ ಮೆಸೇಜ್ ಯಾರು ನೋಡುತ್ತಾರೆ, ಎಲ್ಲ ವಾಟ್ಸಾಪ್ ಎಂದು ಮೂಗು ಮುರಿಯುವವರಿದ್ದಾರೆ. ಅಂಥವರು ಒಂದು ದಿನ ಶುಂಠಿ ಹೊಲದಲ್ಲಿ ಕೆಸರುಗೈಯಲ್ಲಿ ನಿಂತು ನೋಡಬೇಕು. ನೆಟ್‌ವರ್ಕ್ ಒಂದು ಗೀಟು ಬಂದರೆ ಹೆಚ್ಚು. ಸೊಂಟದ ಎಲೆ ಅಡಿಕೆ ಚೀಲದಲ್ಲಿ ಇರುವುದು ಗುಂಡಿ ಫೋನು. ಅಲ್ಲಿಗೆ ಬಂದು ಮುಟ್ಟುವುದು ಸ್ಮಿತಾಳ ಎರಡು ಸಾಲು ಮಾತ್ರ. "ವಾಟ್ಸಾಪು ಸಂತೆ ಇದ್ದಂಗೆ, ಯಾರ ಮಾತೂ ಯಾರಿಗೂ ಕೇಳಲ್ಲ. ಮೆಸೇಜು ಬಾಗ್ಲು ತಟ್ಟಿದಂಗೆ" ಎನ್ನುತ್ತಾಳೆ ಆಕೆ. ಸುಳ್ಳೇನಲ್ಲ.

ಎರಡು ಸಾಲು ಎಂದೆನಲ್ಲ, ಅದರ ಕಷ್ಟ ಬರೆಯುವವರಿಗೇ ಗೊತ್ತು. ಕನ್ನಡದಲ್ಲಿ ಒಂದು ಮೆಸೇಜಿಗೆ ಎಪ್ಪತ್ತು ಅಕ್ಷರ. ಒತ್ತು, ಕೊಂಬು, ದೀರ್ಘ, ನಡುವಿನ ಖಾಲಿ ಜಾಗ ಎಲ್ಲವೂ ಆ ಲೆಕ್ಕಕ್ಕೇ ಸೇರುತ್ತವೆ. ಅಷ್ಟರಲ್ಲಿ ಮಾರುಕಟ್ಟೆಯ ಸುದ್ದಿಯೂ ಇರಬೇಕು, ಪಂಪ್‌ಸೆಟ್ಟಿನ ಕರೆಂಟು ಎಷ್ಟು ಹೊತ್ತಿಗೆ ಬರುತ್ತದೆ ಎಂಬುದೂ ಇರಬೇಕು. "ಹಾಸನದಲ್ಲಿ ಆಲೂ ಇಳಿದಿದೆ. ಎರಡು ದಿನ ತಡೀರಿ. ಕರೆಂಟು ಹತ್ತರಿಂದ ಎರಡು." ಇದನ್ನು ಓದಿ ಎಷ್ಟೋ ಜನ ಅಗೆಯಲು ಎತ್ತಿದ ಗುದ್ದಲಿಯನ್ನು ಕೆಳಗಿಟ್ಟಿದ್ದಾರೆ. ಸೋಮವಾರ ಬಂದರೆ ಒಂದು ಒಗಟು ಇರುತ್ತದೆ. "ಅಣ್ಣನೊಳಗೆ ತಮ್ಮ, ತಮ್ಮನೊಳಗೆ ನೀರು. ಯಾರು?" ಚನ್ನರಾಯಪಟ್ಟಣದ ಕಡೆಯವರು ಎಳನೀರು ಎಂದು ಆ ಗಳಿಗೆಯಲ್ಲೇ ಉತ್ತರ ಕಳಿಸುತ್ತಾರೆ. ತೆಂಗಿನ ಸೀಮೆಯವರಿಗೆ ಅದೂ ಒಂದು ಒಗಟೇ?

ಅಂಗಡಿ, ಮಿಲ್ಲುಗಳವರೂ ಅವಳ ಹತ್ತಿರ ಬರುತ್ತಾರೆ. ರಾಗಿ ಮಿಲ್ಲು ಕೆಟ್ಟು ಸರಿಯಾದ ದಿನ "ಮಿಲ್ಲು ರಿಪೇರಿ ಆಯ್ತು. ಅಳಿಯ ಬರೋ ಮೊದ್ಲೇ ಹಿಟ್ಟು ಮಾಡಿಸ್ಕೊಳ್ಳಿ" ಎಂದು ಬರೆದಳು. ಮಧ್ಯಾಹ್ನದ ಹೊತ್ತಿಗೆ ಮಿಲ್ಲಿನ ಮುಂದೆ ಚೀಲಗಳು ಸಾಲುಗಟ್ಟಿದ್ದವು. ಅಳಿಯನೇ ಇಲ್ಲದವರೂ ಬಂದಿದ್ದರಂತೆ. ಹಸುವಿಗೆ ಗಬ್ಬ ಕಟ್ಟಿಸುವ ಸೂಜಿ ಹಾಕುವವರು ತಾರೀಖು ಕೊಟ್ಟು ಹೋದರೆ ಇಪ್ಪತ್ತೊಂದನೇ ದಿನ ಆ ಮನೆಯ ಫೋನಿಗೆ "ಹಸು ಮೇಲೆ ಕಣ್ಣಿರಲಿ" ಎಂದು ಹೋಗುತ್ತದೆ. ಮತ್ತೆ ಬೆದೆಗೆ ಬಂದದ್ದು ಕಣ್ಣು ತಪ್ಪಿದರೆ ಒಂದು ಕರುವೇ ತಪ್ಪಿದಂತೆ.

ಈ ವಿದ್ಯೆಯನ್ನು ಅವಳು ಯಾವ ಶಾಲೆಯಲ್ಲೂ ಕಲಿಯಲಿಲ್ಲ. ತಂದೆ ರಾಮಣ್ಣ ಚನ್ನರಾಯಪಟ್ಟಣದಲ್ಲಿ ಆಟೋಗೆ ಮೈಕು ಕಟ್ಟಿಕೊಂಡು ಪ್ರಚಾರ ಮಾಡುತ್ತಿದ್ದವರು. ಸೀರೆ ಅಂಗಡಿಯ ರಿಯಾಯಿತಿ, ನಾಟಕ, ಕಣ್ಣಿನ ತಪಾಸಣೆ, ಕಳೆದುಹೋದ ಎಮ್ಮೆ ಎಲ್ಲವನ್ನೂ ಆ ಒಂದು ಮೈಕಿನಲ್ಲಿ ಕೂಗಿದವರು. ರಜೆಯಲ್ಲಿ ಮಗಳು ಹಿಂದಿನ ಸೀಟಿನಲ್ಲಿ ಕೂತು ಬರೆದುಕೊಡುತ್ತಿದ್ದಳು. "ಗಾಡಿ ಒಂದ್ ಮನೆ ದಾಟೋದ್ರೊಳಗೆ ಮಾತು ಮುಗೀಬೇಕು ಮಗಾ. ಅರ್ಧ ಮಾತು ಕೇಳ್ದೋನು ಗಾಡಿ ಹಿಂದೆ ಓಡ್ಬರಲ್ಲ" ಎನ್ನುತ್ತಿದ್ದರು. ಹತ್ತು ವರ್ಷದ ಹುಡುಗಿ ಉದ್ದನೆಯ ವಾಕ್ಯಗಳನ್ನು ಕತ್ತರಿಸಿ ಕತ್ತರಿಸಿ ಮನೆಯ ಅಳತೆಗೆ ತರುತ್ತಿದ್ದಳು. ಎಪ್ಪತ್ತು ಅಕ್ಷರ ಅವಳಿಗೆ ಇಕ್ಕಟ್ಟು ಎನ್ನಿಸದಿದ್ದರೆ ಅದರ ಪುಣ್ಯ ಆ ಆಟೋದ್ದು.

ಇಷ್ಟೆಲ್ಲ ಜಾಣೆ ಒಂದೇ ಒಂದು ಮೆಸೇಜಿನಲ್ಲಿ ಎಡವಿದಳು. ಅದೂ ತನ್ನದೇ ಮನೆಯದರಲ್ಲಿ.

ಹದಿಮೂರು ವರ್ಷದ ಹಿಂದಿನ ಮಾತು. ಮಾವ ಬೀರಲಿಂಗಯ್ಯ ಹಳ್ಳಿಮೈಸೂರಿನ ಹೊರಗೆ ಹೊಸ ಮನೆ ಕಟ್ಟಿಸಿ ಮುಗಿಸಿದ್ದರು. ಗೃಹಪ್ರವೇಶಕ್ಕೆ ಪುರೋಹಿತರು ಕೊಟ್ಟ ದಿನಕ್ಕೆ ಐದೇ ದಿನ ಉಳಿದಿತ್ತು. ಆಗಷ್ಟೇ ಮೆಸೇಜ್ ಪ್ಯಾಕ್ ಹಾಕಿಸಿಕೊಂಡಿದ್ದ ಸ್ಮಿತಾಗೆ ಕೈ ತುರಿಕೆ. ಮನೆಯವರ ಫೋನುಗಳಲ್ಲಿದ್ದ ನಂಬರುಗಳನ್ನೆಲ್ಲ ಒಟ್ಟು ಮಾಡಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು, ನೂರನಲವತ್ತು ಜನಕ್ಕೆ ಒಂದೇ ಏಟಿಗೆ ಕಳಿಸಿದಳು. ಗಂಡ ಸುನೀಲ್‌ಕುಮಾರ್ ಊರಿನವರನ್ನು ಮನೆ ಮನೆಗೆ ಹೋಗಿ ಕರೆದ. ದೂರದವರಿಗೆ ಹೆಂಡತಿಯ ಮೆಸೇಜು ಮುಟ್ಟಿದೆ ಎಂದುಕೊಂಡ. ಹೆಂಡತಿ, ಗಂಡ ಹೇಗೂ ಹೋಗಿ ಬರುತ್ತಾನೆ ಎಂದುಕೊಂಡಳು.

ಆ ನೂರನಲವತ್ತರಲ್ಲಿ ಬೀರಲಿಂಗಯ್ಯನವರ ಒಬ್ಬಳೇ ತಂಗಿ ಮರಿಯಮ್ಮನ ನಂಬರೂ ಇತ್ತು. ಅರಕಲಗೂಡಿನ ಆಚೆ ಮಾದನಕೊಪ್ಪಲಿಗೆ ಕೊಟ್ಟ ಹೆಣ್ಣುಮಗಳು. ಮನೆಮಗಳನ್ನು ಕರೆಯುವುದೆಂದರೆ ಹೊಸ್ತಿಲ ಮುಂದೆ ನಿಂತು, ಕುಂಕುಮ ಇಟ್ಟು, ಎಲೆ ಅಡಿಕೆ ಕೈಗೆ ಕೊಟ್ಟು ಕರೆಯುವುದು. ಹೊಸ ಮನೆಯಲ್ಲಿ ಮೊದಲ ಹಾಲು ಉಕ್ಕಿಸಬೇಕಾದವಳೂ ಅವಳೇ. ಮರಿಯಮ್ಮನಿಗೆ ಓದು ಬರುವುದಿಲ್ಲ. ಫೋನು ಸದ್ದು ಮಾಡಿತೆಂದು ಬೆಳಿಗ್ಗೆ ಹಾಲಿನ ಕ್ಯಾನಿನ ಜೊತೆಗೆ ಅದನ್ನೂ ಡೈರಿಗೆ ಒಯ್ದು ಸೆಕ್ರೆಟರಿ ದೇವಯ್ಯನ ಕೈಗೆ ಕೊಟ್ಟಳು. ಹಾಲು ಹಾಕಲು ನಿಂತ ಮೂವತ್ತು ಜನರ ಮುಂದೆ ಆತ ಗಟ್ಟಿಯಾಗಿ ಓದಿದ. ಬೀರಲಿಂಗಯ್ಯನವರ ಹೊಸ ಮನೆ ಗೃಹಪ್ರವೇಶ, ತಪ್ಪದೆ ಬನ್ನಿ. ಸಾಲಿನಲ್ಲಿದ್ದ ಒಬ್ಬರು, "ಏನ್ ಮರಿಯಮ್ಮ, ನಿಮ್ಮ ತವ್ರುಮನೆಯೋರು ಆಲೂಗೆಡ್ಡೆ ರೇಟ್ ಏಳ್ದಂಗೆ ಕರ್ದವ್ರಲ್ಲ" ಎಂದರು. ಎಲ್ಲರೂ ನಕ್ಕರು.

ಮರಿಯಮ್ಮ ಬರಲಿಲ್ಲ. ಹಾಲನ್ನು ಇನ್ಯಾರೋ ಉಕ್ಕಿಸಿದರು. ಮರುವಾರ ಅಣ್ಣ, ಅಣ್ಣನ ಮಗ ತಾಂಬೂಲ ಹಿಡಿದು ಹೋದರೆ ಕುಡಿಯಲು ನೀರು ಕೊಟ್ಟು, ತಟ್ಟೆ ಮುಟ್ಟದೆ, "ನೀವು ಕರ್ದಿಲ್ಲ, ಫೋನು ಕರ್ದದೆ. ಅದನ್ ಕಳ್ಸಿದೋಳು ಬರ್ಲಿ" ಎಂದು ಒಳಗೆ ಹೋದಳು.

ಕಳಿಸಿದವಳು ಹೋಗಲಿಲ್ಲ. ಇದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ. ಸ್ಮಿತಾಗೆ ಭಯ. ಬೈದರೆ ಕೇಳಿಸಿಕೊಳ್ಳಬಹುದು, ಮಾತೇ ಆಡದೆ ಬಾಗಿಲಲ್ಲಿ ನಿಲ್ಲಿಸಿದರೆ ಏನು ಮಾಡುವುದು? ಹಬ್ಬ ಕಳೆಯಲಿ, ಮಳೆ ನಿಲ್ಲಲಿ, ಮಗಳ ಪರೀಕ್ಷೆ ಮುಗಿಯಲಿ ಎಂದು ಮುಂದೆ ಹಾಕುತ್ತಾ ಹೋದಳು. ದಿನ ಕಳೆದಷ್ಟೂ ಆ ಹೊಸ್ತಿಲು ಎತ್ತರವಾಯಿತು. ಬೀರಲಿಂಗಯ್ಯ ಸೊಸೆಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಆದರೆ ಆ ತಪ್ಪು ಅವಳ ಕಸುಬನ್ನು ತಿದ್ದಿತು. ವರ್ಷದ ಮೇಲೆ ಅಂಗಡಿ ಇಟ್ಟಾಗ ಬೋರ್ಡಿನ ಕೆಳಗೆ ತಾನೇ ಕುಂಚ ಹಿಡಿದು ಬರೆದಳು: ಕರೆಯೋದು ಬಾಯಲ್ಲಿ, ನೆನಪು ಮೆಸೇಜಿನಲ್ಲಿ. ಮದುವೆ, ನಾಮಕರಣ, ತಿಥಿ ಏನೇ ಇರಲಿ, ಕರೆಯುವ ಮೆಸೇಜನ್ನು ಅವಳು ಕಳಿಸುವುದಿಲ್ಲ. ಮೊದಲು ಮನೆಗೆ ಹೋಗಿ ಕರೆದಿರಬೇಕು. ಹಿಂದಿನ ದಿನ ನೆನಪು ಮಾಡುವುದು ಮಾತ್ರ ಅವಳ ಕೆಲಸ. ಒಂದು ಸಲ ಚನ್ನರಾಯಪಟ್ಟಣದ ಕಂಟ್ರಾಕ್ಟರ್ ಕೀರ್ತಿರಾಜ್ ಕಾರಿನಲ್ಲಿ ಬಂದಿಳಿದು, ತಮ್ಮ ಹೊಸ ಕಲ್ಯಾಣ ಮಂಟಪದ ಪ್ರಾರಂಭಕ್ಕೆ ಎರಡು ಸಾವಿರ ಜನಕ್ಕೆ ಕರೆ ಕಳಿಸಮ್ಮ, ದುಡ್ಡು ಎಷ್ಟಾದರೂ ಆಗಲಿ ಎಂದರು.

"ಆಗಲ್ಲ ಸಾ. ಮೊದ್ಲು ಮನೆ ಮನೆಗೆ ಓಗಿ ಕರ್ದು ಬನ್ನಿ. ಆಮೇಲೆ ನಾನು ನೆನಪು ಮಾಡ್ತೀನಿ."

"ಎರಡ್ ಸಾವ್ರ ಮನೆಗೆ ಓಗಕಾಯ್ತದೇನಮ್ಮ?"

"ಎಷ್ಟು ಮನೆಗೆ ಓಗಕಾಯ್ತದೋ ಅಷ್ಟೇ ಜನ ನಿಮ್ಮೋರು ಸಾ."

ಕೀರ್ತಿರಾಜ್ ಸಿಟ್ಟು ಮಾಡಿಕೊಂಡು ಹೋದರು. ಹದಿನೈದು ದಿನ ಬಿಟ್ಟು ನಾನೂರು ಹೆಸರಿನ ಪಟ್ಟಿ ಹಿಡಿದು ಅದೇ ಅಂಗಡಿಗೆ ಬಂದರು. ಆ ನಾನೂರು ಮನೆಗೂ ಅವರು ಹೋಗಿ ಬಂದಿದ್ದರು. ಕಾಲು ಊದಿತ್ತು, ಮುಖ ಮಾತ್ರ ಅರಳಿತ್ತು. ಬೇರೆ ಯಾರಾದರೂ ಆಗಿದ್ದರೆ ಎರಡು ಸಾವಿರದ ಗಿರಾಕಿಯನ್ನು ಬಿಡುತ್ತಿದ್ದರೇ?

ಒಂದು ಸಿಮ್ಮಿನಿಂದ ದಿನಕ್ಕೆ ಇಷ್ಟೇ ಮೆಸೇಜು ಎಂದು ಸರ್ಕಾರದ ಮಿತಿ ಬಂದಾಗ ಅಂಗಡಿ ಮುಚ್ಚಿತು ಎಂದೇ ಎಲ್ಲರೂ ಅಂದುಕೊಂಡರು. ಸ್ಮಿತಾ ಆರು ತಿಂಗಳು ಓಡಾಡಿ, ಅರ್ಜಿ ತುಂಬಿ, ಹೆಸರು ನೋಂದಾಯಿಸಿ, ಹಳೆಯ ಕಂಪ್ಯೂಟರ್ ಕೊಂಡು ಮತ್ತೆ ಶುರು ಮಾಡಿದಳು. ಹಟ ಎಂದರೆ ಅದು. ಕಳೆದ ಆಷಾಢದಲ್ಲಿ ಜ್ವರ ಬಂದು ಹಾಸನದ ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿದಾಗ ಮಾತ್ರ ಮೆಸೇಜುಗಳು ನಿಂತವು. ಮನೆಗೆ ಬಂದು ಫೋನು ತೆರೆದರೆ ಗಿರಾಕಿಗಳ ಮಿಸ್ಡ್ ಕಾಲುಗಳು. ಅದರಲ್ಲಿ ಹನ್ನೊಂದು ಒಂದೇ ನಂಬರಿನವು. ಪಟ್ಟಿಯಲ್ಲಿ ನೋಡಿದರೆ ಗೌತಮ್, ಮಾದನಕೊಪ್ಪಲು ಎಂದಿತ್ತು. ಆ ಊರಿನಿಂದ ಎಂಟು ವರ್ಷದಿಂದ ಇದ್ದ ಒಬ್ಬನೇ ಗಿರಾಕಿ. ಊರಿನ ಹೆಸರು ಕಂಡಾಗಲೆಲ್ಲ ಅವಳ ಎದೆ ಒಮ್ಮೆ ಜಿಲ್ಲೆನ್ನುತ್ತಿತ್ತು. ಯಾರೋ ರೈತರ ಹುಡುಗ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಅವತ್ತು ಆ ನಂಬರಿಗೆ ಫೋನು ಮಾಡಿ, "ಹುಷಾರಿರ್ಲಿಲ್ಲ, ನಾಳೆಯಿಂದ ಮೆಸೇಜ್ ಬತ್ತದೆ" ಎಂದಳು. ಆ ಕಡೆಯವರು ಪೂರ್ತಿ ಕೇಳಿಸಿಕೊಂಡು, ಒಂದು ಮಾತೂ ಆಡದೆ ಇಟ್ಟುಬಿಟ್ಟರು.

ಈ ವರ್ಷ ಮಗಳು ದಿವ್ಯಾಳ ಮದುವೆ ಗೊತ್ತಾಯಿತು. ಹೊಳೆನರಸೀಪುರದಲ್ಲಿ ಛತ್ರ, ಹಿಂದಿನ ದಿನ ಮನೆಯ ಮುಂದೆ ಚಪ್ಪರ. ಚಪ್ಪರದ ದಿನ ಒಲೆಗೆ ಪೂಜೆ ಮಾಡಿ ಮೊದಲು ಹಾಲು ಉಕ್ಕಿಸಿ, ಆಮೇಲೆ ಅಡಿಗೆಗೆ ಇಡುವುದು ಇವರ ಮನೆಯ ಪದ್ಧತಿ. ಲಗ್ನಪತ್ರಿಕೆ ಅಚ್ಚಾಗಿ ಬಂದ ಸಂಜೆ ಎಂಬತ್ತರ ಬೀರಲಿಂಗಯ್ಯ ಜಗಲಿಯಲ್ಲಿ ಕೂತು ಪತ್ರಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಹದಿಮೂರು ವರ್ಷದಲ್ಲಿ ಮೊದಲ ಸಲ ಕೇಳಿದರು.

"ಮರಿ ಬತ್ತಾಳೇನವ್ವ?"

ಅಷ್ಟೇ. ಸಾವಿರದ ಮುನ್ನೂರು ಬಾಗಿಲು ದಿನಾ ತಟ್ಟುವವಳು ತನ್ನ ಮಾವನ ತಂಗಿಯ ಬಾಗಿಲು ತಟ್ಟಿಲ್ಲ ಎಂಬುದು ಅವತ್ತು ಸ್ಮಿತಾಗೆ ಬಹಳ ನಾಚಿಕೆಯಾಗಿ ಕಂಡಿತು. ಮಾವ ಇನ್ನೊಂದು ಮದುವೆಗೆ ಕಾಯಲಾರರು. ಈ ಸಲ ತಂಗಿ ಬರದಿದ್ದರೆ ಇನ್ನು ಬರುವಂತಿಲ್ಲ.

ಮರುದಿನ ಬೆಳಿಗ್ಗೆ ಆರೂವರೆಯ ಮೆಸೇಜು ಕಳಿಸಿ, ಅಂಗಡಿಗೆ ಬೀಗ ಹಾಕಿದಳು. ತಟ್ಟೆ, ಎಲೆ ಅಡಿಕೆ, ಕುಂಕುಮ, ಒಂದು ಸೀರೆ, ಪತ್ರಿಕೆ ಚೀಲಕ್ಕೆ ಸೇರಿದವು. ಸುನೀಲ್‌ಕುಮಾರ್ ಜೊತೆಗೆ ಬರುತ್ತೇನೆಂದ. "ಬೇಡ, ಕಳ್ಸಿದೋಳು ಬರ್ಲಿ ಅಂದವ್ರೆ" ಎಂದು ಒಬ್ಬಳೇ ಬಸ್ಸು ಹತ್ತಿದಳು. ಅರಕಲಗೂಡಿನಲ್ಲಿ ಇಳಿದು ಇನ್ನೊಂದು ಬಸ್ಸು, ಅಲ್ಲಿಂದ ಒಂದು ಮೈಲಿ ನಡಿಗೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಕಟ್ಟಿದಳು, ಮುರಿದಳು. ಎಪ್ಪತ್ತು ಅಕ್ಷರದ ಜಾಣೆಗೆ ಒಂದು ವಾಕ್ಯವೂ ಕೂಡಿಬರಲಿಲ್ಲ.

ಮರಿಯಮ್ಮ ಜಗಲಿಯ ಮೇಲೆ ಕೂತು ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು. ಎಪ್ಪತ್ತೈದು ದಾಟಿದ ಗಟ್ಟಿ ಜೀವ. ತಲೆಯೆತ್ತಿ ನೋಡಿದಳು. ಮತ್ತೆ ಹುರುಳಿಯಲ್ಲಿ ಕಲ್ಲು ಹುಡುಕತೊಡಗಿದಳು. ಸ್ಮಿತಾ ಹೊಸ್ತಿಲಿಗೆ ಬಾರದೆ ಅಂಗಳದಲ್ಲೇ ನಿಂತಳು. ಹೆದರಿದ್ದೇ ಆಯಿತು ಎಂದುಕೊಂಡಳು.

"ಅತ್ತೆ, ತಪ್ಪು ನಂದು. ಕರೆಯೋಕೆ ಬಂದಿವ್ನಿ."

ಮೊರದ ಸದ್ದು ನಿಲ್ಲಲಿಲ್ಲ. ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದು ಮರಿಯಮ್ಮ ಕೇಳಿದಳು:

"ಮೊನ್ನೆ ಆಷಾಢದಾಗೆ ನಾಕ್ ದಿನ ಮೆಸೇಜ್ ಬರ್ನಿಲ್ಲ. ಏನಾಗಿತ್ತು ನಿಂಗೆ?"

ಸ್ಮಿತಾಗೆ ಅರ್ಥವಾಗಲಿಲ್ಲ. ಮರಿಯಮ್ಮ ಎಂಬ ಹೆಸರು ಅವಳ ಪಟ್ಟಿಯಲ್ಲಿ ಎಲ್ಲೂ ಇಲ್ಲ.

"ಜ್ವರ ಬಂದಿತ್ತು ಅತ್ತೆ. ನಿಮ್ಗೆ ಯಾರ್ ಏಳುದ್ರು?"

"ನೀನೇ ಏಳ್ದಲ್ಲ ಫೋನ್ನಾಗೆ. ನಾನು ಬಾಯಿ ಬಿಡ್ನಿಲ್ಲ ಅಷ್ಟೇಯ. ಅನ್ನೊಂದ್ ಸಾರಿ ಫೋನ್ ಮಾಡಿಸ್ದೆ, ಒಂದ್ಕೂ ಎತ್ನಿಲ್ಲ. ಜೀವ ಒಡ್ಕೊಂಡೋಗಿತ್ತು."

ಗೌತಮ್ ಎಂದರೆ ಮರಿಯಮ್ಮನ ಮೊಮ್ಮಗ. ಸ್ಮಿತಾ ಮದುವೆಯಾಗಿ ಬಂದಾಗ ಅವನು ತೊಡೆಯೆತ್ತರದ ಮಗು, ಮನೆಯವರೆಲ್ಲ ಪುಟ್ಟ ಎಂದು ಕರೆಯುತ್ತಿದ್ದರು. ಅವನು ಬೆಳೆದು ಹಾಲಿನ ಟ್ಯಾಂಕರ್ ಓಡಿಸುತ್ತಿದ್ದಾನೆ, ಹಳೆಯ ನಂಬರು ಹೋಗಿ ಅವನ ಹೆಸರಿನ ಸಿಮ್ಮು ಅಜ್ಜಿಯ ಫೋನಿಗೆ ಬಂದಿದೆ ಎಂಬುದು ಹಳ್ಳಿಮೈಸೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಎಂಟು ವರ್ಸದಿಂದ ನೀವೇನಾ ಅತ್ತೆ? ಓದೋರು ಯಾರು?"

"ಇನ್ಯಾರು, ಡೈರಿ ದೇವಯ್ಯ. ದಿನಾ ಬೆಳಿಗ್ಗೆ ಆಲ್ ಆಕುವಾಗ ಫೋನ್ ಕೊಡ್ತೀನಿ, ಗಟ್ಟಿಯಾಗ್ ಓದು ಅಂತೀನಿ. ಎಲ್ರೂ ಕೇಳ್ಕತ್ತಾರೆ. ಒಗಟು ಬಂದ್ ದಿನ ಯಾರೂ ಬಿಡ್ಸದೇ ಇದ್ರೆ ನಾನೇ ಬಿಡುಸ್ತೀನಿ." ಮರಿಯಮ್ಮ ಮೊರವನ್ನು ಕೆಳಗಿಟ್ಟಳು. "ಬರ್ದೋಳು ನಮ್ ಅಣ್ಣಯ್ಯನ ಸೊಸೆ ಕಣ್ರಪ್ಪ ಅಂತ ಏಳ್ತೀನಿ. ಅವತ್ತು ನಗಾಡಿದ್ರಲ್ಲ, ಅವ್ರಿಗೇ ಏಳ್ತೀನಿ."

ಸ್ಮಿತಾ ಅಂಗಳದಲ್ಲಿ ನಿಂತು ಅತ್ತುಬಿಟ್ಟಳು. ಹದಿಮೂರು ವರ್ಷ ಯಾವ ಬಾಗಿಲಿಗೆ ಹೆದರಿ ಸುತ್ತಿ ಬಳಸಿ ನಡೆದಳೋ, ಆ ಬಾಗಿಲನ್ನು ತಾನು ದಿನಾ ತಟ್ಟುತ್ತಿದ್ದಳು, ಅದು ದಿನಾ ತೆರೆಯುತ್ತಿತ್ತು.

"ಮತ್ತೆ ಒಂದ್ ಮಾತು ಆಡ್ಬಾರ್ದಿತ್ತಾ ಅತ್ತೆ?"

"ಬರಬೇಕಾದೋಳು ನೀನು. ನಾನ್ಯಾಕೆ ಆಡ್ಲಿ?" ಎಂದು ಮರಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಳ್ಬೇಡ, ಒಳೀಕೆ ಬಾ. ಬಿಸಿಲಾಗೆ ನಿಂತ್ಕಂಡ್ ಯಾರಾದ್ರೂ ಕರೀತಾರಾ?"

ಸ್ಮಿತಾ ಹೊಸ್ತಿಲ ಒಳಗೆ ಕೂತು ಕುಂಕುಮ ಇಟ್ಟಳು, ತಟ್ಟೆ ಮುಂದಿಟ್ಟು ಕರೆದಳು, ಕಾಲಿಗೆ ಬಿದ್ದಳು. ಮರಿಯಮ್ಮ ಎಲೆ ಅಡಿಕೆ ಎತ್ತಿಕೊಂಡು ಮಡಿಲಿಗೆ ಹಾಕಿಕೊಂಡಳು. ಮುದ್ದೆ, ಹುರುಳಿ ಸಾರು ಉಣ್ಣಿಸಿದಳು. ಬರುತ್ತೇನೆ ಎಂದು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಸ್ಮಿತಾ ಎದ್ದಾಗ ಜಗಲಿಯಿಂದ ಕೂಗಿದಳು.

"ಚಪ್ರದ್ ಇಂದಿನ್ ದಿನ ನೆನಪ್ ಮಾಡು ಮತ್ತೆ. ಮೆಸೇಜ್ ಕಳ್ಸು. ಡೈರೀಲಿ ಓದುಸ್ಬೇಕು."

ಚಪ್ಪರದ ಹಿಂದಿನ ದಿನ ಸ್ಮಿತಾ ಅಂಗಡಿಯಲ್ಲಿ ಕೂತು ಒಂದೇ ನಂಬರಿಗೆ ಒಂದು ಮೆಸೇಜು ಬರೆದಳು. ಎಷ್ಟೋ ಸಲ ಬರೆದು ಅಳಿಸಿದ ಮೇಲೆ ಅದು ಹೀಗೆ ನಿಂತಿತು: "ಅತ್ತೆ, ನಾಳೆ ಚಪ್ಪರ. ಹಾಲು ಉಕ್ಕಿಸೋರು ನೀವೇ. ನೀವು ಬರೋಗಂಟ ಒಲೆ ಹಚ್ಚಲ್ಲ." ಎಣಿಸಿದರೆ ಅರವತ್ತನಾಲ್ಕು ಅಕ್ಷರ. ಇನ್ನೂ ಆರು ಉಳಿದಿದ್ದವು. ಹಾಗೇ ಬಿಟ್ಟು ಕಳಿಸಿದಳು. ಸಂಜೆ ಹಾಲಿನ ಹೊತ್ತಿಗೆ ಅದೇ ನಂಬರಿನಿಂದ ಒಂದು ಮಿಸ್ಡ್ ಕಾಲು ಬಂತು.

ಚಪ್ಪರದ ದಿನ ಎಂಟು ಗಂಟೆಯಾದರೂ ಮನೆಯ ಮುಂದಿನ ಒಲೆ ತಣ್ಣಗಿತ್ತು. ಅಡಿಗೆಯವರು ಗೊಣಗುತ್ತಿದ್ದರು. ನೆಂಟರು ಕಾಫಿ ಎಲ್ಲಿ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಸುನೀಲ್‌ಕುಮಾರ್ ಹೆಂಡತಿಯ ಕಿವಿಯಲ್ಲಿ, ಹಚ್ಚಿಬಿಡೋಣವಾ ಎಂದ. ಸ್ಮಿತಾ ಬೇಡವೆಂದು ತಲೆಯಾಡಿಸಿದಳು. ಬೀರಲಿಂಗಯ್ಯ ಚಪ್ಪರದ ಕಂಬ ಹಿಡಿದುಕೊಂಡು ರಸ್ತೆಯ ಕಡೆಗೇ ನೋಡುತ್ತಾ ನಿಂತಿದ್ದರು.

ಎಂಟೂವರೆಗೆ ಮನೆಯ ಮುಂದೆ ಒಂದು ಆಟೋ ನಿಂತಿತು. ಸ್ಮಿತಾ ಕೊಟ್ಟ ಸೀರೆ ಉಟ್ಟ ಮರಿಯಮ್ಮ ಕಂಬಿ ಹಿಡಿದು ನಿಧಾನವಾಗಿ ಇಳಿದಳು. ಬಲಗೈಯಲ್ಲಿ ಎರಡು ಲೀಟರಿನ ಹಾಲಿನ ಕ್ಯಾನು. ಬೆಳಿಗ್ಗೆ ಕರೆದ ಹಾಲನ್ನು ಅವತ್ತು ಡೈರಿಗೆ ಹಾಕಿರಲಿಲ್ಲ.

"ಬಂದ್ಯಾ ಮರಿ" ಎಂದರು ಬೀರಲಿಂಗಯ್ಯ. ಕಂಬದಿಂದ ಕೈ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದರು.

"ಬಂದು ಕರ್ದ್ರು, ಬಂದೆ ಕಣಣ್ಣಯ್ಯ" ಎಂದಳು ಮರಿಯಮ್ಮ. ಕ್ಯಾನನ್ನು ಒಲೆಯ ಪಕ್ಕದಲ್ಲಿಟ್ಟು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಸ್ಮಿತಾಳ ಕಡೆಗೆ ತಿರುಗಿ ಬೆಂಕಿಪೊಟ್ಟಣಕ್ಕೆ ಕೈ ಚಾಚಿದಳು.